ಗಂಡಸ್ತನ, ಮನೆ, ಸಿನಿಮಾ: ಪದೇ ಪದೇ ಕೇಳುವ ಪ್ರಶ್ನೆಗಳು

ಕಾಲೇಜುಗಳಲ್ಲಿ ಹುಡುಗರ ಜೊತೆ ಮಾತಾಡುವಾಗ, ಪೋಷಕರ ಸಭೆಗಳಲ್ಲಿ, ಮದುವೆ ಮನೆಯ ಪಂಕ್ತಿಯಲ್ಲಿ ಕೂತಾಗ, ಪತ್ರಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳಿವು. ಕೇಳಿದವರ ಮಾತನ್ನು ಆದಷ್ಟು ಹಾಗೇ ಇಟ್ಟಿದ್ದೇನೆ. ಮೊದಲಿಂದ ಓದಲೇಬೇಕು ಅಂತೇನಿಲ್ಲ. ನಿಮಗೆ ಬೇಕಾದ ಪ್ರಶ್ನೆಗೆ ನೇರ ಹೋಗಬಹುದು.

## ಶುರುವಿನ ಪ್ರಶ್ನೆಗಳು

ಗಂಡು-ಹೆಣ್ಣು ಅನ್ನೋದು ಹುಟ್ಟಿನಿಂದಲೇ ಬರುತ್ತೆ. ಇದರಲ್ಲಿ ಸಮಾಜ ಎಲ್ಲಿಂದ ಬಂತು?

ದೇಹ ಹುಟ್ಟಿನಿಂದ ಬರುತ್ತದೆ, ನಿಜ. ಆದರೆ ಯಾವ ದೇಹಕ್ಕೆ ಯಾವ ಬಟ್ಟೆ, ಯಾವ ಕೆಲಸ, ಎಷ್ಟು ಸಿಟ್ಟು, ಎಷ್ಟು ನಗು ಅನ್ನುವುದನ್ನು ಜನ ಸೇರಿ ಗೊತ್ತು ಮಾಡಿದ್ದಾರೆ. ಅದು ಊರಿಂದ ಊರಿಗೆ, ಕಾಲದಿಂದ ಕಾಲಕ್ಕೆ ಬೇರೆ.

ಮನೆಯಲ್ಲಿ ಹಳೆಯ ಫೋಟೊ ಇದ್ದರೆ ತೆಗೆದು ನೋಡಿ. ಮುತ್ತಾತನ ಕಿವಿಯಲ್ಲಿ ಒಂಟಿ ಇರುತ್ತದೆ, ತಲೆಯಲ್ಲಿ ಜುಟ್ಟು ಇರುತ್ತದೆ. ಅವರನ್ನು ಯಾರೂ ಹೆಣ್ಣಿಗ ಅನ್ನಲಿಲ್ಲ. ಇವತ್ತು ಡಿಗ್ರಿ ಓದುವ ಹುಡುಗ ಕಿವಿ ಚುಚ್ಚಿಸಿಕೊಂಡು, ಕೂದಲು ಬಿಟ್ಟುಕೊಂಡು ಮನೆಗೆ ಬಂದರೆ ಅದೇ ಮನೆಯಲ್ಲಿ 'ಏನೋ ಇದು ಹುಡುಗೀರ ಥರ' ಅನ್ನುತ್ತಾರೆ.

ಇನ್ನೊಂದು ಉದಾಹರಣೆ ಕರಾವಳಿಯದು. ತುಳುನಾಡಿನಲ್ಲಿ ಬಂಟರೂ ಸೇರಿದಂತೆ ಹಲವು ಸಮುದಾಯಗಳಲ್ಲಿ ಅಳಿಯಸಂತಾನ ಇತ್ತು. ಮನೆತನ, ಆಸ್ತಿ ಎಲ್ಲ ತಾಯಿಯ ಕಡೆಯಿಂದ ಸಾಗುತ್ತಿತ್ತು. ಗಂಡಸಿಗೆ ವಾರಸುದಾರ ಅವನ ಮಗನಲ್ಲ, ಸೋದರಿಯ ಮಗ. ಹಾಗಂತ ಅಲ್ಲಿ ಹೆಂಗಸರ ರಾಜ್ಯ ಇತ್ತು ಅಂದುಕೊಳ್ಳಬೇಡಿ, ಯಜಮಾನಿಕೆ ಹೆಚ್ಚಾಗಿ ಸೋದರಮಾವನ ಕೈಯಲ್ಲೇ ಇತ್ತು. ಆದರೂ 'ಗಂಡುಮಗ ಇಲ್ಲದಿದ್ದರೆ ವಂಶ ನಿಂತುಹೋಯ್ತು' ಅನ್ನುವ ಮಾತು ಅಲ್ಲಿ ಬೇರೆಯೇ ಅರ್ಥ ಕೊಡುತ್ತಿತ್ತು. ಇದೆಲ್ಲ ಹುಟ್ಟಿನಿಂದಲೇ ಬಂದ ನಿಯಮ ಆಗಿದ್ದರೆ ಘಟ್ಟ ಇಳಿದ ಕೂಡಲೇ ಬದಲಾಗುತ್ತಿರಲಿಲ್ಲ.

ಅಡುಗೆ ಹೆಂಗಸರ ಕೆಲಸ ಅಂತ ತೀರ್ಮಾನ ಮಾಡಿದ್ದು ಯಾರು?

ಉಡುಪಿ ಹೋಟೆಲಿನ ಅಡುಗೆಮನೆಗೆ ಒಮ್ಮೆ ಇಣುಕಿ ನೋಡಿ. ದೋಸೆ ಕಲ್ಲಿನ ಮುಂದೆ ಗಂಡಸು, ಸಾಂಬಾರಿನ ಹಂಡೆಯ ಮುಂದೆ ಗಂಡಸು, ಹಿಟ್ಟು ರುಬ್ಬುವವನು ಗಂಡಸು. ಮದುವೆ ಮನೆಯಲ್ಲಿ ಸಾವಿರ ಎಲೆಗೆ ಅಡುಗೆ ಮಾಡುವವರು ಭಟ್ಟರು. ನಾವು ಚೆನ್ನಾದ ಅಡುಗೆಗೆ ನಳಪಾಕ, ಭೀಮಪಾಕ ಅಂತ ಗಂಡಸರ ಹೆಸರೇ ಇಟ್ಟಿದ್ದೇವೆ. ಕರಾವಳಿಯಿಂದ ಮುಂಬೈ, ಬೆಂಗಳೂರಿಗೆ ಹೋದ ಸಾವಿರಾರು ಹುಡುಗರು ಬದುಕು ಕಟ್ಟಿಕೊಂಡಿದ್ದೇ ಸೌಟು ಹಿಡಿದು.

ಅದೇ ಮನುಷ್ಯ ರಜೆಗೆ ಊರಿಗೆ ಬಂದಾಗ ಜಗಲಿಯಲ್ಲಿ ಕೂತು 'ಕಾಫಿ ತಾ' ಅಂತಾನೆ. ಕೈ ಅದೇ, ಕೆಲಸ ಅದೇ. ಬದಲಾಗಿದ್ದು ಸಂಬಳ ಮಾತ್ರ. ದುಡ್ಡು, ಹೆಸರು ಬರುವ ಅಡುಗೆ ಗಂಡಸಿಗೆ. ಯಾರೂ ಲೆಕ್ಕ ಇಡದ ಅಡುಗೆ ಹೆಂಗಸಿಗೆ. ಹೊಲದಲ್ಲೂ ಇದೇ ಕತೆ. ನಾಟಿ, ಕಳೆ, ಕೊಯ್ಲಿನಲ್ಲಿ ಬೆನ್ನು ಬಗ್ಗಿಸುವುದು ಹೆಚ್ಚಾಗಿ ಹೆಂಗಸರು. ಆದರೂ 'ರೈತ' ಅಂದರೆ ಕಣ್ಣಮುಂದೆ ಬರುವುದು ನೇಗಿಲು ಹೊತ್ತ ಗಂಡಸು. ಕೂಲಿಯೂ ಹೆಣ್ಣಾಳಿಗೆ ಕಡಿಮೆ.

ಮನೆಗೆಲಸಕ್ಕೆ ಹೋಗುವ ಹೊತ್ತಿನ ಲೆಕ್ಕವನ್ನು ಸರ್ಕಾರವೇ ಹಾಕಿದೆ. 2024ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ 289 ನಿಮಿಷ ಕೊಡುತ್ತಾರೆ, ಗಂಡಸರು 88 ನಿಮಿಷ. ಆ 88 ನಿಮಿಷವೂ ಮನೆಗೆಲಸಕ್ಕೆ ಕೈ ಹಾಕುವ ಗಂಡಸರದ್ದು ಮಾತ್ರ. ನಾಲ್ವರಲ್ಲಿ ಹೆಚ್ಚುಕಡಿಮೆ ಮೂವರು ಕೈ ಹಾಕುವುದೇ ಇಲ್ಲ.

ಗಂಡು ಮಕ್ಕಳು ಅಳಬಾರದು ಅನ್ನೋದರಲ್ಲಿ ತಪ್ಪೇನು? ಗಟ್ಟಿ ಆಗಲಿ ಅಂತ ತಾನೇ?

ಗಟ್ಟಿ ಆಗಲಿ ಅನ್ನುವ ಆಸೆ ತಪ್ಪಲ್ಲ. ಆದರೆ ಅಳು ನಿಲ್ಲಿಸಿದರೆ ದುಃಖ ನಿಲ್ಲುವುದಿಲ್ಲ, ಹೇಳಿಕೊಳ್ಳುವುದು ಮಾತ್ರ ನಿಲ್ಲುತ್ತದೆ.

ಆರು ವರ್ಷದ ಹುಡುಗ ಸೈಕಲ್‌ನಿಂದ ಬಿದ್ದು ಮಂಡಿ ತರಚಿಕೊಂಡ ಅಂತಿಟ್ಟುಕೊಳ್ಳಿ. ಬಾಯಿ ತೆರೆಯುವ ಮೊದಲೇ ದೊಡ್ಡಪ್ಪ 'ಗಂಡಸಾಗಿ ಅಳ್ತೀಯಾ?' ಅಂತಾನೆ. ಹುಡುಗ ತುಟಿ ಕಚ್ಚಿಕೊಳ್ಳುತ್ತಾನೆ. ಸ್ವಲ್ಪ ಹೊತ್ತಿಗೆ ಎದ್ದು ಸೈಕಲ್ಲಿಗೆ ಒದೆಯುತ್ತಾನೆ. ಆಗ ಎಲ್ಲರೂ ನಗುತ್ತಾರೆ, 'ಭಲೇ' ಅಂತಾರೆ. ಅವನು ಎರಡು ಪಾಠ ಕಲಿತ. ನೋವು ತೋರಿಸಬಾರದು, ಸಿಟ್ಟು ತೋರಿಸಬಹುದು. ಮೂವತ್ತು ವರ್ಷದ ನಂತರ ಸಾಲ ಆದಾಗ, ಕೆಲಸ ಹೋದಾಗ, ಮದುವೆ ಮುರಿದಾಗ ಅವನ ಹತ್ತಿರ ಉಳಿದಿರುವುದು ಆ ಎರಡೇ ದಾರಿ.

ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊದ 2022ರ ವರದಿ ನೋಡಿ. ಆ ವರ್ಷ ದೇಶದಲ್ಲಿ 1,70,924 ಜನ ಆತ್ಮಹತ್ಯೆ ಮಾಡಿಕೊಂಡರು. ಅವರಲ್ಲಿ 1,22,724 ಮಂದಿ ಗಂಡಸರು, ಅಂದರೆ ನೂರಕ್ಕೆ ಸುಮಾರು 72. ದಿನಗೂಲಿ ಮಾಡುವವರೇ ನಾಲ್ಕನೇ ಒಂದು ಪಾಲಿಗಿಂತ ಜಾಸ್ತಿ. ಬಡತನ, ಸಾಲ, ಕಾಯಿಲೆ, ಕುಡಿತ, ಮನೆಯ ಜಗಳ ಎಲ್ಲವೂ ಇದರ ಹಿಂದೆ ಇವೆ. ಅಳು ತಡೆದದ್ದೊಂದೇ ಕಾರಣ ಅಂತ ನಾನು ಹೇಳುವುದಿಲ್ಲ. ಆದರೆ 'ನನ್ನ ಕೈಲಿ ಆಗ್ತಿಲ್ಲ' ಅಂತ ಯಾರ ಹತ್ತಿರವೂ ಹೇಳಲಾಗದೆ ಹೋದವರು ಇದರಲ್ಲಿ ಎಷ್ಟೋ ಜನ.

ಇದನ್ನು ಓದುತ್ತಿರುವ ನಿಮಗೇ ಹಾಗೆ ಅನ್ನಿಸುತ್ತಿದ್ದರೆ 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ದುಡ್ಡಿಲ್ಲ, ಹಗಲು-ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಮಾತಾಡಿ, ಪರವಾಗಿಲ್ಲ.

'ಬಳೆ ತೊಟ್ಕೋ' ಅನ್ನೋದು ಸುಮ್ನೆ ಒಂದು ಬೈಗುಳ. ಅದನ್ನ ಇಷ್ಟು ದೊಡ್ಡದು ಮಾಡಬೇಕಾ?

ಮಾಡಬೇಕು ಅನ್ನಿಸುತ್ತದೆ. ನಮ್ಮ ಕಡೆ ಅಧಿಕಾರಿ ಕೆಲಸ ಮಾಡದಿದ್ದರೆ ಪ್ರತಿಭಟನೆಗೆ ಹೋದವರು ಬಳೆ, ಸೀರೆ, ಅರಿಶಿನ-ಕುಂಕುಮ ತಟ್ಟೆಯಲ್ಲಿಟ್ಟು ಕೊಡುತ್ತಾರೆ. ಎಷ್ಟೋ ಸಲ ಕೊಡುವವರು ಹೆಂಗಸರೇ. ಕೈತುಂಬ ಬಳೆ ಹಾಕಿಕೊಂಡೇ ಊರಿಗೆ ನೀರು ತರಲು ಹೋರಾಟ ಮಾಡುವವರು 'ನೀನು ನಮ್ಮ ಥರ ಕೈಲಾಗದವನು' ಅಂತ ಹೇಳಿದ ಹಾಗಾಯಿತು, ಅಲ್ವಾ?

ಹುಡುಗರನ್ನು ಬೈಯುವ ಮಾತುಗಳನ್ನು ಒಮ್ಮೆ ಎಣಿಸಿ: ಹೆಣ್ಣಿಗ, ಅಮ್ಮಾವ್ರ ಗಂಡ, ಹೆಂಡತಿ ಸೆರಗು ಹಿಡಿದುಕೊಂಡು ಓಡಾಡುವವನು. ಎಲ್ಲದರ ಅರ್ಥ ಒಂದೇ, ಹೆಣ್ಣಿನ ಹತ್ತಿರಕ್ಕೆ ಬಂದರೆ ನಿನ್ನ ಬೆಲೆ ಕಡಿಮೆ. ಗಂಡಸ್ತನ ಅನ್ನುವುದು ಒಂದು ಸಲ ಪಾಸಾಗಿ ಸರ್ಟಿಫಿಕೇಟ್ ತಗೊಳ್ಳುವ ಪರೀಕ್ಷೆ ಅಲ್ಲ. ದಿನಾ ಬರೆಯಬೇಕು, ಯಾವತ್ತು ಬೇಕಾದರೂ ಫೇಲ್ ಆಗಬಹುದು. ಪರೀಕ್ಷಕರು ಹೆಚ್ಚಾಗಿ ಬೇರೆ ಗಂಡಸರು. ಗೆಳೆಯರು, ಅಣ್ಣಂದಿರು, ಹಾಸ್ಟೆಲ್ ಸೀನಿಯರ್‌ಗಳು. ಹುಡುಗ ಬೈಕ್‌ನಲ್ಲಿ ವೀಲಿಂಗ್ ಮಾಡುವಾಗ, ಬೇಡವೆಂದರೂ ಮೊದಲ ಪೆಗ್ ಎತ್ತುವಾಗ ಅವನ ಕಣ್ಣು ಹುಡುಗಿಯರಿಗಿಂತ ಜಾಸ್ತಿ ಗೆಳೆಯರ ಮುಖದ ಮೇಲಿರುತ್ತದೆ.

ಮಕ್ಕಳನ್ನ ಹೀಗೆ ಬೆಳೆಸೋದು ಅಮ್ಮಂದಿರೇ. ಮತ್ತೆ ಗಂಡಸರನ್ನ ಯಾಕೆ ದೂರ್ತೀರಿ?

ಈ ಪ್ರಶ್ನೆಯಲ್ಲಿ ಅರ್ಧ ನಿಜ ಇದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಏಳು ಕಾರಣಗಳನ್ನು ಓದಿ ಹೇಳಿ ಕೇಳಿದ್ದರು. ಹೇಳದೆ ಹೊರಗೆ ಹೋದರೆ, ಅಡುಗೆ ಸರಿ ಮಾಡದಿದ್ದರೆ, ಎದುರು ಮಾತಾಡಿದರೆ, ಅತ್ತೆ-ಮಾವನಿಗೆ ಮರ್ಯಾದೆ ಕೊಡದಿದ್ದರೆ, ಹೀಗೆ. ಇವುಗಳಲ್ಲಿ ಒಂದಕ್ಕಾದರೂ ಗಂಡ ಹೆಂಡತಿಗೆ ಹೊಡೆಯಬಹುದಾ? ಕರ್ನಾಟಕದಲ್ಲಿ ಶೇ 76.9ರಷ್ಟು ಹೆಂಗಸರು ಹೌದು ಅಂದರು. ಗಂಡಸರಲ್ಲಿ ಶೇ 81.9. ದೇಶದ ಸರಾಸರಿ ಇದಕ್ಕಿಂತ ಎಷ್ಟೋ ಕಡಿಮೆ, ಇಬ್ಬರಲ್ಲೂ ಸುಮಾರು 45. ಈ ಅಂಕಿ ನೋಡಿದಾಗಲೆಲ್ಲ ನನಗೆ ಹೊಟ್ಟೆ ತೊಳಸಿದ ಹಾಗಾಗುತ್ತದೆ. ನಮ್ಮದು ಸೌಮ್ಯ ಜನರ ನಾಡು ಅಂತ ಹೇಳಿಕೊಳ್ಳುತ್ತೇವೆ.

ಹೆಂಗಸರೂ ಹೌದು ಅಂದದ್ದು ಯಾಕೆ? ಆ ಮನೆಯಲ್ಲಿ ಬದುಕಬೇಕಾದವರು ಅವರು. ಸೊಸೆಯಾಗಿ ಬಂದಾಗ ಮಾತಿಲ್ಲ. ಮಗ ಹುಟ್ಟಿದ ಮೇಲೆ ಸ್ವಲ್ಪ ಮಾತು ನಡೆಯುತ್ತದೆ. ಅತ್ತೆ ಆದ ಮೇಲೆ ಜಾಸ್ತಿ. ಅವಳ ಬಲವೆಲ್ಲ ಮಗನ ಮೂಲಕವೇ ಬರುವಾಗ ಮಗನ ಗಂಡಸ್ತನವನ್ನು ಅವಳು ಕಾಪಾಡದೆ ಇನ್ನೇನು ಮಾಡುತ್ತಾಳೆ? ತಾಯಿ ಕಲಿಸುತ್ತಾಳೆ, ಸರಿ. ಪಾಠ ಬರೆದುಕೊಟ್ಟಿದ್ದು ಅವಳಲ್ಲ. ಅಷ್ಟಕ್ಕೂ ಮಗ ಹೆಚ್ಚು ಕಲಿಯುವುದು ಹೇಳಿದ್ದನ್ನಲ್ಲ, ಅಪ್ಪ ಊಟ ಮಾಡಿದ ತಟ್ಟೆಯನ್ನು ಎಲ್ಲಿ ಬಿಟ್ಟು ಏಳುತ್ತಾನೆ ಅನ್ನುವುದನ್ನು.

## ಸಿನಿಮಾ, ಟಿವಿ, ಮೊಬೈಲ್

ಸಿನಿಮಾ ನೋಡಿ ಯಾರಾದ್ರೂ ಹಾಗೆ ಆಗ್ತಾರಾ? ಮನರಂಜನೆ ಅಷ್ಟೇ ಅಲ್ವಾ?

ಒಂದು ಸಿನಿಮಾ ನೋಡಿ ಯಾರೂ ರೌಡಿ ಆಗುವುದಿಲ್ಲ. ಆದರೆ ಸಿನಿಮಾದಿಂದ ಏನೂ ಆಗುವುದಿಲ್ಲ ಅನ್ನುವವರೇ 1972ರ 'ಬಂಗಾರದ ಮನುಷ್ಯ' ನೋಡಿ ಪಟ್ಟಣ ಬಿಟ್ಟು ಹಳ್ಳಿಗೆ ಹೋಗಿ ಬೇಸಾಯ ಹಿಡಿದವರ ಕತೆಯನ್ನು ಹೆಮ್ಮೆಯಿಂದ ಹೇಳುತ್ತಾರೆ. ಒಳ್ಳೆಯದಕ್ಕೆ ಪ್ರಭಾವ ಇದೆ, ಕೆಟ್ಟದ್ದಕ್ಕೆ ಇಲ್ಲ ಅನ್ನುವುದು ಹೇಗೆ?

ಅಮೆರಿಕದ ಮಾಧ್ಯಮ ಸಂಶೋಧಕ ಜಾರ್ಜ್ ಗರ್ಬ್ನರ್ ಹೇಳಿದ್ದು ಇಲ್ಲಿ ಸಹಾಯಕ್ಕೆ ಬರುತ್ತದೆ. ತೆರೆಯ ಮೇಲಿನ ಒಂದು ದೃಶ್ಯ ಏನು ಮಾಡುತ್ತದೆ ಅಂತ ಕೇಳಬೇಡಿ, ವರ್ಷಗಟ್ಟಲೆ ಅದನ್ನೇ ನೋಡಿದರೆ 'ಲೋಕ ಇರುವುದೇ ಹೀಗೆ' ಅನ್ನಿಸಲು ಶುರುವಾಗುತ್ತದೆ ಅನ್ನುವುದು ಅವರ ವಾದದ ತಿರುಳು. ನಮ್ಮ ಹುಡುಗ ಹತ್ತು ವರ್ಷಕ್ಕೆ ನೋಡಿದ ನೂರಾರು ಹೀರೋಗಳಲ್ಲಿ ಎಷ್ಟು ಜನ 'ಸಾರಿ' ಕೇಳಿದ್ದಾರೆ? ಎಷ್ಟು ಜನ ಮಗುವಿನ ಮೈ ತೊಳೆದಿದ್ದಾರೆ? ಎಷ್ಟು ಜನ ಹೊಡೆದಾಡದೆ ಗೆದ್ದಿದ್ದಾರೆ? ಸಿನಿಮಾ ಈ ಗಂಡಸ್ತನವನ್ನು ಹುಟ್ಟುಹಾಕಲಿಲ್ಲ. ಮನೆಯಲ್ಲಿ, ಬೀದಿಯಲ್ಲಿ ಮೊದಲೇ ಇತ್ತು. ಸಿನಿಮಾ ಅದರಲ್ಲಿ ಒಂದು ಬಗೆಯನ್ನು ಆರಿಸಿ, ಹಿನ್ನೆಲೆ ಸಂಗೀತ ಹಾಕಿ, ಸ್ಲೋ ಮೋಷನ್‌ನಲ್ಲಿ ಮತ್ತೆ ಮತ್ತೆ ತೋರಿಸಿತು.

ಹಾಗಾದ್ರೆ ರಾಜ್‌ಕುಮಾರ್ ಕಾಲದ ಹೀರೋಗಳು ಒಳ್ಳೆಯವರು, ಈಗಿನವರು ಕೆಟ್ಟವರು ಅಂತೀರಾ?

ಅಷ್ಟು ಸುಲಭ ಅಲ್ಲ. ಅಣ್ಣಾವ್ರು ತೆರೆಯ ಮೇಲೆ ಕುಡಿಯುವುದಿಲ್ಲ, ಸಿಗರೇಟು ಸೇದುವುದಿಲ್ಲ ಅಂತ ನಿಯಮ ಇಟ್ಟುಕೊಂಡಿದ್ದರು. ಅವರ ಹೀರೋ ಅಳುತ್ತಿದ್ದ, ತಾಯಿಯ ಕಾಲಿಗೆ ಬೀಳುತ್ತಿದ್ದ, ತ್ಯಾಗ ಮಾಡುತ್ತಿದ್ದ. ಇದು ದೊಡ್ಡ ವಿಷಯ. ಕೋಟಿ ಜನ ಪ್ರೀತಿಸಿದ ಗಂಡಸು ಮೃದುವಾಗಿಯೂ ಇರಬಹುದು ಅಂತ ಒಂದಿಡೀ ತಲೆಮಾರು ನೋಡಿತು. 1972ರಲ್ಲೇ ಬಂದ 'ನಾಗರಹಾವು' ಬೇರೆ ಥರದ ಹುಡುಗನನ್ನು ತೋರಿಸಿತು. ಒರಟ, ಸಿಟ್ಟಿನವ, ಆದರೆ ಮೇಷ್ಟ್ರ ಮುಂದೆ ಮಗು. ಅವನ ಸಿಟ್ಟಿಗೆ ಆ ಚಿತ್ರ ಚಪ್ಪಾಳೆ ಮಾತ್ರ ತಟ್ಟಲಿಲ್ಲ, ಅದರಿಂದ ಆದ ನಷ್ಟವನ್ನೂ ತೋರಿಸಿತು.

ಆದರೆ ಅದೇ ಕಾಲದಲ್ಲಿ 'ಸೊಕ್ಕಿನ ಹೆಣ್ಣಿಗೆ ಬುದ್ಧಿ ಕಲಿಸುವ' ಕತೆಗಳೂ ಧಾರಾಳವಾಗಿ ಬಂದವು. ಓದಿದವಳು, ಶ್ರೀಮಂತೆ, ಪ್ಯಾಂಟು ಹಾಕಿದವಳು ಮೊದಲರ್ಧದಲ್ಲಿ ಮೆರೆಯುತ್ತಾಳೆ. ಕೊನೆಗೆ ಸೀರೆಯುಟ್ಟು, ತಲೆ ಬಗ್ಗಿಸಿ ನಿಲ್ಲುತ್ತಾಳೆ. ನಡುವೆ ಒಂದು ಕಪಾಳಮೋಕ್ಷ ಇದ್ದೇ ಇರುತ್ತಿತ್ತು. ಹೀರೋ ಒಳ್ಳೆಯವನಾದಷ್ಟೂ ಆ ಏಟು ನ್ಯಾಯ ಅನ್ನಿಸುತ್ತಿತ್ತು. ಅದಕ್ಕೇ ಅದು ಹೆಚ್ಚು ಅಪಾಯ.

ಮಚ್ಚು-ಲಾಂಗಿನ ಅಲೆ ಎದ್ದದ್ದು 1995ರ 'ಓಂ' ನಂತರ. ಆ ಕತೆಯಲ್ಲಿ ಅರ್ಚಕರ ಮಗ ರೌಡಿಯಾಗಿ ಬದುಕು ಹಾಳು ಮಾಡಿಕೊಳ್ಳುತ್ತಾನೆ. ಎಚ್ಚರಿಕೆ ಕತೆಯಲ್ಲೇ ಇತ್ತು. ಜನ ಮನೆಗೆ ತಗೊಂಡು ಹೋಗಿದ್ದು ಲಾಂಗನ್ನು. ನಂತರ ಬಂದ ಎಷ್ಟೋ ಚಿತ್ರಗಳು ಎಚ್ಚರಿಕೆಯನ್ನು ಬಿಟ್ಟು ಲಾಂಗನ್ನು ಮಾತ್ರ ಉಳಿಸಿಕೊಂಡವು.

ಹುಡುಗಿ ಮೊದಲು 'ಬೇಡ' ಅಂತಾಳೆ, ಹಿಂದೆ ಬಿದ್ದರೆ ಒಪ್ತಾಳೆ. ಹಾಗಲ್ವಾ ಸರ್?

ಪಿಯುಸಿ ಹುಡುಗರು ಇದನ್ನು ಕೇಳುವುದು ಕೆಟ್ಟತನದಿಂದ ಅಲ್ಲ. ನಿಜವಾಗಲೂ ಹಾಗೆ ಅಂದುಕೊಂಡಿರುತ್ತಾರೆ. ನೋಡಿದ ಪ್ರೇಮವೆಲ್ಲ ಹಾಗೇ ಇದೆ: ಬಸ್ ಸ್ಟಾಪಿನಲ್ಲಿ ಕಾಯುವುದು, ಮನೆ ತನಕ ಬೈಕಿನಲ್ಲಿ ಹಿಂಬಾಲಿಸುವುದು, ಗೆಳೆಯರ ಹಿಂಡು ಕಟ್ಟಿಕೊಂಡು ಹಾಡುವುದು.

ಅವರಿಗೆ ನಾನು ಕೊಡುವ ಉತ್ತರ ಎರಡೇ ಮಾತು. ಒಂದು, 'ಬೇಡ' ಅಂದರೆ ಬೇಡ. ಎರಡು, ಇದು ಕಾನೂನಿನಲ್ಲಿ ಅಪರಾಧ. 2013ರಲ್ಲಿ ದಂಡ ಸಂಹಿತೆಗೆ 354ಡಿ ಕಲಮು ಸೇರಿತು. ಈಗ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 78ನೇ ಕಲಮು. ಇಷ್ಟವಿಲ್ಲ ಅಂತ ತೋರಿಸಿದ ಮೇಲೂ ಪದೇ ಪದೇ ಹಿಂಬಾಲಿಸಿದರೆ, ಸಂಪರ್ಕಿಸಿದರೆ, ಆನ್‌ಲೈನಿನಲ್ಲಿ ಅವಳ ಮೇಲೆ ಕಣ್ಣಿಟ್ಟರೆ ಮೊದಲ ಸಲಕ್ಕೆ ಮೂರು ವರ್ಷದವರೆಗೆ ಜೈಲು. ಆಮೇಲೆ ಒಂದು ಪ್ರಶ್ನೆ ಕೇಳುತ್ತೇನೆ: ನಿನ್ನ ತಂಗಿ ಕಾಲೇಜಿಗೆ ಹೋಗುವ ದಾರಿ ಬದಲಿಸಿದ್ದಾಳಾ, ಯಾಕೆ ಅಂತ ಅವಳನ್ನು ಕೇಳಿದ್ದೀಯಾ? ಕ್ಲಾಸಿನಲ್ಲಿ ಆಗ ಸದ್ದಡಗುತ್ತದೆ. ಯಾಕೆಂದರೆ ಸುಮಾರು ಜನರ ತಂಗಿಯರು ಬದಲಿಸಿರುತ್ತಾರೆ.

ಧಾರಾವಾಹಿಗಳಲ್ಲಿ ಹೆಂಗಸರೇ ಮುಖ್ಯ. ಅದು ಒಳ್ಳೆಯದಲ್ವಾ?

ಹೆಂಗಸರು ಮುಖ್ಯ ಪಾತ್ರದಲ್ಲಿದ್ದಾರೆ, ಆದರೆ ಹೆಚ್ಚಿನ ಕತೆಗಳಲ್ಲಿ ಅವರ ಜಗಳವೆಲ್ಲ ಒಬ್ಬ ಗಂಡಸಿನ ಸುತ್ತ. ಒಳ್ಳೆಯವಳು ಸಹಿಸುತ್ತಾಳೆ, ಕೆಟ್ಟವಳು ದೊಡ್ಡ ಬೊಟ್ಟು ಇಟ್ಟು ಸಂಚು ಮಾಡುತ್ತಾಳೆ. ಗಂಡಸು ಪಾಪ, ಏನೂ ಗೊತ್ತಾಗದೆ ಮಧ್ಯೆ ನಿಂತಿರುತ್ತಾನೆ. ಅವನಿಗೂ ಇದು ಅವಮಾನವೇ. ಸ್ವಂತ ಮನೆಯಲ್ಲಿ ಏನಾಗುತ್ತಿದೆ ಅಂತ ತಿಳಿಯದವನು, ತಿಳಿದರೂ ಮಾತಾಡದವನು. ಈಚೆಗೆ ಕೆಲಸಕ್ಕೆ ಹೋಗುವ, ಮರುಮದುವೆಯಾಗುವ, ವಯಸ್ಸಾದ ಹೆಂಗಸರ ಕತೆಗಳು ಬರುತ್ತಿವೆ. ಅದು ಖುಷಿಯ ವಿಷಯ.

ಜಾಹೀರಾತುಗಳು ಈಗ ಸುಧಾರಿಸಿವೆ ಅಲ್ವಾ?

ಸ್ವಲ್ಪ. 2001ರಲ್ಲಿ ಬಜಾಜ್ ಪಲ್ಸರ್ ಬಂದಾಗ ಅದರ ಘೋಷಣೆ 'ಡೆಫಿನೆಟ್ಲಿ ಮೇಲ್' ಅಂತಿತ್ತು. ಬೈಕಿಗೇ ಗಂಡಸ್ತನ ಕೊಟ್ಟಿದ್ದರು. 2005ರಲ್ಲಿ ಇಮಾಮಿ ಕಂಪನಿ ಗಂಡಸರಿಗೇ ಅಂತ ಫೇರ್ ಅಂಡ್ ಹ್ಯಾಂಡ್ಸಮ್ ಕ್ರೀಮ್ ತಂದಿತು. ಅಲ್ಲಿಯವರೆಗೆ ಹುಡುಗಿಯರಿಗೆ ಮಾತ್ರ ಇದ್ದ ಬಣ್ಣದ ಕೀಳರಿಮೆ ಹುಡುಗರಿಗೂ ಹಂಚಿಹೋಯಿತು. ಸಮಾನತೆ ಬರಬೇಕಾದ ದಾರಿ ಇದಲ್ಲ. 2015ರಲ್ಲಿ ಏರಿಯಲ್ ಸೋಪಿನ ಪುಡಿಯವರು ಬಟ್ಟೆ ಒಗೆಯುವುದು ಅಮ್ಮನೊಬ್ಬಳ ಕೆಲಸವಾ ಅಂತ ಕೇಳಿದರು. ಅದು ಮನೆಗಳಲ್ಲಿ ಮಾತಿಗೆ ಬಂತು. 2020ರಲ್ಲಿ ಫೇರ್ ಅಂಡ್ ಲವ್ಲಿ ತನ್ನ ಹೆಸರನ್ನು ಗ್ಲೋ ಅಂಡ್ ಲವ್ಲಿ ಅಂತ ಬದಲಿಸಿತು. 2022ರಲ್ಲಿ ಜಾಹೀರಾತು ಉದ್ಯಮದ ಸ್ವಯಂ ನಿಯಂತ್ರಣ ಸಂಸ್ಥೆ ಆಸ್ಕಿ, 'ಗಂಡು ಅಂದರೆ ಹೀಗೇ, ಹೆಣ್ಣು ಅಂದರೆ ಹೀಗೇ' ಅಂತ ಅಚ್ಚು ಹಾಕಿ, ಹಾನಿ ಮಾಡುವಂತೆ ತೋರಿಸಬಾರದು ಅಂತ ಮಾರ್ಗಸೂಚಿ ತಂದಿತು. ಅಂಥ ಜಾಹೀರಾತು ಕಂಡರೆ ನಾವು ನೀವೂ ಅಲ್ಲಿಗೆ ದೂರು ಕೊಡಬಹುದು.

ಸುದ್ದಿ ಪತ್ರಿಕೆಗಳೂ ಇದರಲ್ಲಿ ಪಾಲುದಾರರಾ? ಅವರು ಆದದ್ದನ್ನು ಬರೀತಾರೆ ಅಷ್ಟೇ.

'ಶೀಲ ಶಂಕಿಸಿ ಪತ್ನಿ ಕೊಲೆ.' ಈ ತಲೆಬರಹ ಓದದ ಕನ್ನಡಿಗ ಇರಲಾರ. ನಾಲ್ಕು ಪದಗಳ ಮೇಲೆ ಕಣ್ಣಾಡಿಸುವಷ್ಟರಲ್ಲಿ ಓದುವವನ ಮನಸ್ಸಿನಲ್ಲಿ ಸತ್ತವಳ ಬಗ್ಗೆ ಪ್ರಶ್ನೆ ಏಳುತ್ತದೆ, ಕೊಂದವನ ಬಗ್ಗೆ ಅಲ್ಲ. ಕೊಂದವನು ಹೇಳಿದ ಕಾರಣವೇ ತಲೆಬರಹ ಆಗಿದೆ. ಅವಳು ತನ್ನ ಮಾತು ಹೇಳಲು ಬದುಕಿಲ್ಲ. 'ಪ್ರೀತಿ ನಿರಾಕರಿಸಿದ್ದಕ್ಕೆ ಚಾಕು ಇರಿತ' ಅನ್ನುವುದೂ ಹೀಗೇ. ಚಾಕು ಹಾಕಿದ್ದು ಅವನ ಹಟಕ್ಕೆ, ಅವಳ ನಿರಾಕರಣೆಗೆ ಅಲ್ಲ. 'ಪತಿಯಿಂದ ಪತ್ನಿ ಕೊಲೆ' ಅಂತ ಬರೆದರೆ ಜಾಗವೂ ಉಳಿಯುತ್ತದೆ, ನ್ಯಾಯವೂ ಉಳಿಯುತ್ತದೆ. ಡೆಸ್ಕಿನಲ್ಲಿ ಕೂರುವ ಗೆಳೆಯರಲ್ಲಿ ನನ್ನ ವಿನಂತಿ ಇದು.

ನನ್ನ ಮಗನಿಗೆ ಹದಿನಾರು. ದಿನಾ 'ನಿಜವಾದ ಗಂಡಸು' ಅಂತ ರೀಲ್ಸ್ ನೋಡ್ತಾನೆ. ಮೊಬೈಲ್ ಕಿತ್ತುಕೊಳ್ಳಲಾ?

ಕಿತ್ತುಕೊಂಡರೆ ಗೆಳೆಯನ ಮೊಬೈಲಿನಲ್ಲಿ ನೋಡುತ್ತಾನೆ. ಮೊದಲು ಅವನ ಜೊತೆ ಕೂತು ಎರಡು ರೀಲ್ಸ್ ನೀವೂ ನೋಡಿ. ಮುಖ ಸಿಂಡರಿಸಬೇಡಿ.

ಅವು ಹೇಗೆ ಕೆಲಸ ಮಾಡುತ್ತವೆ ಅಂತ ಗೊತ್ತಿರಲಿ. ಹುಡುಗ ಜಿಮ್ ವಿಡಿಯೊ ಹುಡುಕುತ್ತಾನೆ. ಮುಂದಿನದು ಶಿಸ್ತಿನ ಬಗ್ಗೆ, ಅದರ ಮುಂದಿನದು ದುಡ್ಡು ಮಾಡುವ ಬಗ್ಗೆ. ಆಮೇಲೆ 'ಹುಡುಗಿಯರು ದುಡ್ಡಿಗೇ ಬರುವುದು', 'ಯಾರನ್ನೂ ನಂಬಬೇಡ'. ಅವನು ಎಲ್ಲಿ ಹೆಚ್ಚು ಹೊತ್ತು ನಿಂತನೋ ಅದನ್ನೇ ಮತ್ತೆ ತಂದು ಸುರಿಯುವುದು ಆ ಆ್ಯಪ್‌ನ ಕೆಲಸ. ಸಿಟ್ಟು, ಅವಮಾನ ಇರುವ ಕಡೆ ಜನ ಹೆಚ್ಚು ನಿಲ್ಲುತ್ತಾರೆ.

ಆ ರೀಲ್ಸ್‌ನಲ್ಲಿ ಅವನಿಗೆ ಸಿಗುತ್ತಿರುವುದೇನು ಅಂತ ಯೋಚಿಸಿ. 'ನಿನ್ನ ಕಷ್ಟ ನನಗೆ ಗೊತ್ತು' ಅನ್ನುವ ಒಂದು ದನಿ. ಮೊಡವೆ, ಎತ್ತರ, ಮಾರ್ಕ್ಸು, ಒಪ್ಪದ ಹುಡುಗಿ, ಇದನ್ನೆಲ್ಲ ಅವನು ಮನೆಯಲ್ಲಿ ಯಾರ ಹತ್ತಿರ ಹೇಳಿಕೊಂಡ? ಅಪ್ಪ ತನ್ನ ಹದಿನಾರನೇ ವಯಸ್ಸಿನ ಭಯಗಳನ್ನು ಒಂದು ಸಲ ಬಿಚ್ಚಿ ಹೇಳಿದರೆ, ಆ ರೀಲ್ಸ್ ಕೊಡಲಾಗದ್ದು ಅವನಿಗೆ ಮನೆಯಲ್ಲೇ ಸಿಗುತ್ತದೆ. ಜಿಮ್ಮಿಗೆ ಹೋಗಲಿ ಬಿಡಿ. ಮೈ ಗಟ್ಟಿ ಮಾಡಿಕೊಳ್ಳುವುದು ಒಳ್ಳೆಯದೇ.

## ಇನ್ನೂ ಕಷ್ಟದ ಪ್ರಶ್ನೆಗಳು

ಹಳ್ಳಿ ಹುಡುಗರಿಗೆ ಹೆಣ್ಣು ಸಿಗ್ತಿಲ್ಲ. ನೀವು ಗಂಡಸ್ತನದ ಪಾಠ ಹೇಳ್ತಿದ್ದೀರಿ. ಎರಡಕ್ಕೂ ಏನು ಸಂಬಂಧ?

ನೇರ ಸಂಬಂಧ ಇದೆ. 2023ರ ಫೆಬ್ರುವರಿಯಲ್ಲಿ ಮಂಡ್ಯದ ಕೆ.ಎಂ. ದೊಡ್ಡಿಯಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಮದುವೆಯಾಗದ ಯುವಕರು ಪಾದಯಾತ್ರೆ ಹೊರಟರು. ಬ್ರಹ್ಮಚಾರಿಗಳ ಪಾದಯಾತ್ರೆ ಅಂತ ಹೆಸರು. ಟಿವಿಯವರು ತಮಾಷೆ ಸುದ್ದಿಯ ಥರ ತೋರಿಸಿದರು. ನನಗೆ ಅದರಲ್ಲಿ ನಗು ಬರಲಿಲ್ಲ. ಮೂವತ್ತು ದಾಟಿದವರು, ಜಮೀನು ಇರುವವರು, ದುಡಿಯುವವರು. ಮಾದಪ್ಪನ ಹತ್ತಿರ ಕೇಳಿಕೊಳ್ಳಲು ಬರಿಗಾಲಲ್ಲಿ ನಡೆಯುವಷ್ಟು ನೋವು.

ಇಲ್ಲಿ ಎರಡು ವಿಷಯ ಸೇರಿವೆ. ಮೊದಲನೆಯದು ಲೆಕ್ಕ. 2011ರ ಜನಗಣತಿಯಲ್ಲಿ ಕರ್ನಾಟಕದಲ್ಲಿ ಆರು ವರ್ಷದೊಳಗಿನ ಸಾವಿರ ಗಂಡು ಮಕ್ಕಳಿಗೆ 948 ಹೆಣ್ಣು ಮಕ್ಕಳು. ಭ್ರೂಣಲಿಂಗ ಪತ್ತೆ ತಡೆಯುವ ಕಾನೂನು 1994ರಲ್ಲೇ ಬಂದಿದೆ. ಆದರೂ 2023ರ ಕೊನೆಯಲ್ಲಿ ಮಂಡ್ಯ ಜಿಲ್ಲೆಯ ಒಂದು ಆಲೆಮನೆಯಲ್ಲಿ ಸ್ಕ್ಯಾನಿಂಗ್ ಮಾಡುತ್ತಿದ್ದ ಜಾಲ ಬಯಲಾಯಿತು. ಬೆಲ್ಲ ಕಾಯಿಸುವ ಜಾಗದಲ್ಲಿ ಹೆಣ್ಣು ಬೇಡ ಅಂತ ತೀರ್ಮಾನ ಆಗುತ್ತಿತ್ತು. ಗಂಡೇ ಬೇಕು ಅಂದವರ ಮಕ್ಕಳಿಗೆ ಈಗ ಹೆಣ್ಣು ಬೇಕು.

ಎರಡನೆಯದು, ಗಂಡಸು ಅಂದರೆ ಸಂಬಳ ಅನ್ನುವ ಅಳತೆ. ಉದ್ಯೋಗಂ ಪುರುಷ ಲಕ್ಷಣಂ ಅಂತ ನಾವೇ ಹೇಳಿಕೊಂಡು ಬಂದೆವು. ಬೇಸಾಯ ಉದ್ಯೋಗದ ಲೆಕ್ಕದಿಂದ ಬಿದ್ದುಹೋದ ದಿನ ರೈತ ಹುಡುಗ ಗಂಡಸಿನ ಲೆಕ್ಕದಿಂದಲೂ ಬಿದ್ದ. ಹುಡುಗಿಯರನ್ನು ದೂರಬೇಡಿ. ಅವರ ಅಮ್ಮಂದಿರು ಕೊಟ್ಟಿಗೆ, ಹೊಲ, ಒಲೆ ಮೂರನ್ನೂ ಹೊತ್ತಿದ್ದನ್ನು ನೋಡಿ ಬೆಳೆದವರು ಅವರು. 'ಮನೆಗೆಲಸ ಇಬ್ಬರದು, ಜಮೀನಿನ ಪಹಣಿಯಲ್ಲಿ ಇಬ್ಬರ ಹೆಸರು' ಅಂತ ಹೇಳುವ ರೈತ ಹುಡುಗನಿಗೆ ಉತ್ತರ ಬೇರೆ ಸಿಗಬಹುದು ಅಂತ ನನ್ನ ನಂಬಿಕೆ.

ಕಾನೂನೆಲ್ಲ ಹೆಂಗಸರ ಕಡೆ, ಫ್ರೀ ಬಸ್ಸು ಅವರಿಗೆ, ಎರಡು ಸಾವಿರ ಅವರಿಗೆ. ಗಂಡಸರ ಕಷ್ಟ ಯಾರು ಕೇಳ್ತಾರೆ?

ಗಂಡಸರ ಕಷ್ಟ ಕೇಳಲೇಬೇಕು. ಆದರೆ ಅದನ್ನು ತಂದವರು ಬಸ್ಸಿನಲ್ಲಿ ಕೂತ ಹೆಂಗಸರಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಶುರುವಾದಾಗ ಹೆಂಗಸರ ಗುಂಪನ್ನು ನೋಡಿ ಆಡಿಕೊಂಡ ವಿಡಿಯೊಗಳು ಎಷ್ಟು ಬಂದವು! ಕೂಲಿಗೆ ಹೋಗುವವಳಿಗೆ ದಿನಕ್ಕೆ ಉಳಿಯುವ ಐವತ್ತು-ಅರವತ್ತು ರೂಪಾಯಿ ಅದೇ ಮನೆಯ ಅಕ್ಕಿಗೆ, ಮಗನ ಫೀಸಿಗೆ ಹೋಗುತ್ತದೆ.

ಕಾನೂನಿನ ಮಾತಿಗೆ ಬಂದರೆ ಒಂದನ್ನು ನೋಡೋಣ. ಹೆಣ್ಣು ಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಪಾಲು ಕೊಡುವ ತಿದ್ದುಪಡಿಯನ್ನು ಕರ್ನಾಟಕ 1994ರಲ್ಲೇ ಮಾಡಿತು. ಆಗ ಅದು ಮದುವೆಯಾಗದ ಹೆಣ್ಣು ಮಕ್ಕಳಿಗೆ ಸೀಮಿತವಾಗಿತ್ತು. 2005ರಲ್ಲಿ ದೇಶಕ್ಕೆಲ್ಲ ಬಂತು. ಕಾಗದದಲ್ಲಿ ಅಕ್ಕ-ತಮ್ಮ ಸಮ. ಸಬ್ ರಿಜಿಸ್ಟ್ರಾರ್ ಕಚೇರಿಯ ಬೆಂಚಿನ ಮೇಲೆ ಒಂದು ಬೆಳಗ್ಗೆ ಕೂತು ನೋಡಿ. ಅರಿಶಿನ-ಕುಂಕುಮಕ್ಕೆ ಅಂತ ಅಷ್ಟೋ ಇಷ್ಟೋ ಕೊಟ್ಟು, ಅಕ್ಕನ ಹತ್ತಿರ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸುತ್ತಾರೆ. ಅವಳು ಹಾಕುತ್ತಾಳೆ. ಹಾಕದಿದ್ದರೆ ತವರಿನ ಬಾಗಿಲು ಮುಚ್ಚುತ್ತದೆ ಅಂತ ಅವಳಿಗೆ ಗೊತ್ತು. ಕಾನೂನು ಯಾರ ಕಡೆ ಅನ್ನುವುದಕ್ಕಿಂತ ಮನೆ ಯಾರ ಕಡೆ ಅಂತ ಕೇಳಿ.

ಸುಳ್ಳು ದೂರುಗಳೂ ಇರುತ್ತವೆ. ಅದರಲ್ಲಿ ಸಿಕ್ಕಿಕೊಂಡವನ ಸಂಕಟ ಚಿಕ್ಕದಲ್ಲ, ಅವನಿಗೆ ಒಳ್ಳೆಯ ವಕೀಲ, ಬೇಗ ತೀರ್ಪು ಸಿಗಬೇಕು. ಆದರೆ ಇದೇ ಕರ್ನಾಟಕದಲ್ಲಿ ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಅಂದ ಮದುವೆಯಾದ ಹೆಂಗಸರ ಪ್ರಮಾಣ ಕುಟುಂಬ ಆರೋಗ್ಯ ಸಮೀಕ್ಷೆಯ ಎರಡು ಸುತ್ತುಗಳ ನಡುವೆ ಶೇ 20.6ರಿಂದ 44.4ಕ್ಕೆ ಏರಿತು. ಆ ಹೆಂಗಸರಲ್ಲಿ ಪೊಲೀಸರ ಹತ್ತಿರ ಹೋಗುವವರು ತೀರಾ ಕಡಿಮೆ.

ಗಂಡಸರು ಆಪರೇಷನ್ ಮಾಡಿಸಿಕೊಂಡರೆ ಶಕ್ತಿ ಹೋಗುತ್ತಾ?

ಇಲ್ಲ. ಗಂಡಸರ ಸಂತಾನಹರಣ ಆಪರೇಷನ್‌ನಲ್ಲಿ ವೀರ್ಯಾಣು ಬರುವ ಸಣ್ಣ ನಾಳವನ್ನು ಮುಚ್ಚುತ್ತಾರೆ ಅಷ್ಟೇ. ಹಾರ್ಮೋನು, ಮೀಸೆ, ದನಿ, ಆಸೆ, ಮಲಗುವ ಕೋಣೆಯ ಸುಖ ಯಾವುದೂ ಬದಲಾಗುವುದಿಲ್ಲ. ಹೊಲಿಗೆ ಇಲ್ಲದ ವಿಧಾನ ಇದೆ, ಅವತ್ತೇ ಮನೆಗೆ ಹೋಗಬಹುದು. ಕೆಲವು ದಿನ ಭಾರ ಎತ್ತಬಾರದು. ಮೂರು ತಿಂಗಳು ಬೇರೆ ರಕ್ಷಣೆ ಬಳಸಿ, ಆಮೇಲೆ ವೀರ್ಯ ಪರೀಕ್ಷೆ ಮಾಡಿಸಿ ಖಚಿತ ಮಾಡಿಕೊಳ್ಳಬೇಕು. ಹೆಂಗಸರ ಶಸ್ತ್ರಚಿಕಿತ್ಸೆಗೆ ಹೊಟ್ಟೆ ತೆರೆಯಬೇಕು, ಅಪಾಯ ಹೆಚ್ಚು.

ಆದರೂ ಏನಾಗಿದೆ ನೋಡಿ. 2019-21ರ ಸಮೀಕ್ಷೆಯಲ್ಲಿ ಕರ್ನಾಟಕದ ಮದುವೆಯಾದ ಹೆಂಗಸರಲ್ಲಿ ಶೇ 57ರಷ್ಟು ಜನ ಸಂತಾನಹರಣ ಚಿಕಿತ್ಸೆ ಮಾಡಿಸಿಕೊಂಡಿದ್ದರು. ಗಂಡಸರ ಅಂಕಿ ಹೆಚ್ಚುಕಡಿಮೆ ಸೊನ್ನೆ. ಗಂಡಸ್ತನದ ಭಯವನ್ನು ಯಾರ ಹೊಟ್ಟೆ ಹೊರುತ್ತಿದೆ ಅನ್ನುವುದಕ್ಕೆ ಇದಕ್ಕಿಂತ ನೇರ ಪುರಾವೆ ನನಗೆ ಗೊತ್ತಿಲ್ಲ. ಎರಡನೇ ಮಗು ಆದ ಮೇಲೆ ಯೋಚಿಸುತ್ತಿದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿ.

ಗಂಡು ಹೀಗೆ, ಹೆಣ್ಣು ಹೀಗೆ ಅನ್ನೋದು ನಮ್ಮ ಸಂಸ್ಕೃತಿ. ಇದನ್ನೆಲ್ಲ ಪ್ರಶ್ನೆ ಮಾಡೋದು ವಿದೇಶದಿಂದ ಬಂದ ಗೀಳು ಅಲ್ವಾ?

ಸುಮಾರು ಸಾವಿರ ವರ್ಷದ ಹಿಂದೆಯೇ ಜೇಡರ ದಾಸಿಮಯ್ಯ ಮೈಯ ಗುರುತು ನೋಡಿ ಹೆಣ್ಣು, ಗಂಡು ಅನ್ನುತ್ತಾರೆ, ಒಳಗೆ ಸುಳಿಯುವ ಆತ್ಮ ಎರಡೂ ಅಲ್ಲ ಅಂದ. ಅವನು ನೇಯ್ಗೆಯವನು, ವಿದೇಶಕ್ಕೆ ಹೋದವನಲ್ಲ. ಯಕ್ಷಗಾನದ ಸ್ತ್ರೀವೇಷ ನಮ್ಮದೇ. ರಾತ್ರಿಯಿಡೀ ದಮಯಂತಿಯಾಗಿ ಅತ್ತು ಊರನ್ನೇ ಅಳಿಸಿದವರು ಗಂಡಸರು. ಯಲ್ಲಮ್ಮನ ಸೇವೆಯ ಜೋಗತಿ ಪರಂಪರೆಯಿಂದ ಬಂದ ಟ್ರಾನ್ಸ್‌ಜೆಂಡರ್ ಮಹಿಳೆ ಮಂಜಮ್ಮ ಜೋಗತಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಅದೇ ವರ್ಷ ಕರ್ನಾಟಕ ಸರ್ಕಾರಿ ನೇಮಕಾತಿಯಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇ 1 ಮೀಸಲಾತಿ ತಂದಿತು.

ಹೊಗಳಿಕೆಯನ್ನು ಇಲ್ಲಿಗೇ ನಿಲ್ಲಿಸಬೇಕು. ರಂಗದ ಮೇಲೆ ಕೈಮುಗಿದವರೇ ಚೌಕಿಯಿಂದ, ಅಂದರೆ ಬಣ್ಣದ ಮನೆಯಿಂದ, ಹೊರಬಂದ ಸ್ತ್ರೀವೇಷದ ಹುಡುಗನನ್ನು ಚುಡಾಯಿಸಿದ್ದೂ ಉಂಟು. ಯಲ್ಲಮ್ಮನ ಜೋಗತಿಗೆ ಅಡ್ಡ ಬೀಳುವವರು ಮನೆ ಬಾಡಿಗೆಗೆ ಕೊಡುವುದಿಲ್ಲ.

ಹೊರಗಿನಿಂದ ಬಂದದ್ದೂ ಇದೆ, ಆದರೆ ಅದು ನೀವಂದುಕೊಂಡದ್ದಲ್ಲ. 1857ರ ನಂತರ ಬ್ರಿಟಿಷರು ಕೆಲವು ಸಮುದಾಯಗಳನ್ನು ವೀರ ಜನಾಂಗ ಅಂತ ಕರೆದು ಸೈನ್ಯಕ್ಕೆ ತಗೊಂಡರು. ಓದಿದ ಬಂಗಾಳಿಗಳಂಥವರನ್ನು ಹೆಣ್ಣಿಗರು ಅಂತ ಹೀಯಾಳಿಸಿದರು. ಆ ಅವಮಾನಕ್ಕೆ ಉತ್ತರವಾಗಿ ನಾವು ಇನ್ನಷ್ಟು ಗಂಡಸರಾಗಲು ಹೊರಟೆವು. ಇವತ್ತು ಸಂಸ್ಕೃತಿ ಅಂತ ಹೇಳುವ ಗಂಡಸ್ತನದಲ್ಲಿ ಅದರ ಪಾಲೂ ಇದೆ.

ನಾನು ಮನೆಗೆಲಸ ಮಾಡ್ತೀನಿ. ಆದ್ರೆ ನೆಂಟರು ಬಂದಾಗ ಹೆಂಡತಿಯೇ 'ನೀವು ಕೂತ್ಕೊಳ್ಳಿ' ಅಂತಾಳೆ. ಏನು ಮಾಡ್ಲಿ?

ಅವಳು ಹಾಗೆ ಹೇಳುವುದು ನಿಮ್ಮ ಮೇಲಿನ ಪ್ರೀತಿಗೋ ಮರ್ಯಾದೆಗೋ ಮಾತ್ರ ಅಲ್ಲ. ನೆಂಟರು ಹೋದ ಮೇಲೆ ಮಾತು ಬರುವುದು ಅವಳಿಗೆ: 'ಗಂಡನ ಕೈಲಿ ಪಾತ್ರೆ ತೊಳೆಸ್ತಾಳೆ.' ನಿಮಗೆ 'ಎಷ್ಟು ಒಳ್ಳೆಯವನು' ಅನ್ನುವ ಬಿರುದು, ಅವಳಿಗೆ 'ಗಯ್ಯಾಳಿ' ಅನ್ನುವ ಬಿರುದು. ಅಮೆರಿಕದಲ್ಲಿ ದಿನಾ ಪಾತ್ರೆ ತೊಳೆಯುವ ಮಗ ಮೈಸೂರಿಗೆ ಬಂದ ಕೂಡಲೇ ಸೋಫಾ ಬಿಟ್ಟು ಏಳದಿರುವುದೂ ಇದೇ ಕಾರಣಕ್ಕೆ. ನೋಡುವ ಕಣ್ಣುಗಳು ಬದಲಾದವು.

ಹಾಗಾಗಿ ಮೊದಲು ಅವಳ ಜೊತೆ ಮಾತಾಡಿ, ಅವಳನ್ನು ಸಿಕ್ಕಿಸಬೇಡಿ. ಮಾತು ಬರುವ ಕಡೆ ನೀವು ನಿಲ್ಲಿ. ನಿಮ್ಮ ಅಮ್ಮ ಕೇಳಿದರೆ ಉತ್ತರ ನೀವು ಕೊಡಿ, ಅವಳಲ್ಲ. 'ಸಹಾಯ ಮಾಡ್ತಿದ್ದೀನಿ' ಅನ್ನಬೇಡಿ, ನಿಮ್ಮ ಮನೆ ಕೆಲಸ ನಿಮ್ಮದೇ. ಎಲ್ಲರೆದುರು ಒಂದೇ ಸಲ ಕ್ರಾಂತಿ ಮಾಡಬೇಕಿಲ್ಲ. ಊಟ ಆದ ಮೇಲೆ ಗಂಡಸರ ಪಂಕ್ತಿಯಲ್ಲಿ ನಿಮ್ಮ ತಟ್ಟೆ ನೀವು ಎತ್ತಿ, ಪಕ್ಕದ ಭಾವನ ತಟ್ಟೆಗೂ ಕೈ ಹಾಕಿ. ಹೆಚ್ಚಿನ ಸಲ ಭಾವನೂ ಎದ್ದು ಬರುತ್ತಾನೆ. ಬರದಿದ್ದರೆ ಮುಂದಿನ ಹಬ್ಬಕ್ಕೆ ಮತ್ತೆ ಕೈ ಹಾಕಿ.